ತಪ್ಪಿನ ಬುಕ್ಕು, ಇಬ್ಬರು ಹುಲಿಗೆಮ್ಮರು

ಆಸ್ಪತ್ರೆಯ ಗೋಡೆಗಳ ಮೇಲೆ ‘ಶಾಂತಿ ಕಾಪಾಡಿ’ ಎಂದು ಬರೆದಿರುತ್ತಾರೆ. ನಗು ಬರುವ ಘಟನೆಗಳು ಬಹುಮಟ್ಟಿಗೆ ಆ ಬರಹದ ಕೆಳಗೇ ನಡೆಯುತ್ತವೆ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಸ್ಟ್ರೆಚರ್ ಮೇಲೆ ಬರುತ್ತದೆ.

ನಮ್ಮದು ಅರವತ್ತು ಹಾಸಿಗೆಯ ಟ್ರಸ್ಟ್ ಆಸ್ಪತ್ರೆ. ಯಾವ ಊರಿನದು ಎಂದು ಹೇಳುವುದಿಲ್ಲ. ಕೊಪ್ಪಳದವರು ಗಂಗಾವತಿಯದು ಎಂದುಕೊಳ್ಳಲಿ, ಗಂಗಾವತಿಯವರು ಕುಷ್ಟಗಿಯದು ಎನ್ನಲಿ, ಕುಷ್ಟಗಿಯವರು ಯಲಬುರ್ಗಾದ ಕಡೆ ಕೈ ತೋರಿಸಲಿ. ಯಲಬುರ್ಗಾದವರು ಹೇಗೂ ಎಲ್ಲ ಕಡೆ ತೋರಿಸಿಕೊಂಡು ಕೊನೆಗೆ ನಮ್ಮಲ್ಲಿಗೆ ಬರುತ್ತಾರೆ.

ನಾನು ಇಲ್ಲಿ ಕ್ವಾಲಿಟಿ ಆಫೀಸರ್. ಧಾರವಾಡದಲ್ಲಿ ಎರಡು ವರ್ಷ ಆಸ್ಪತ್ರೆ ಆಡಳಿತ ಓದಿದ್ದೇನೆ. ‘ಕ್ಲಿನಿಕಲ್ ಗವರ್ನೆನ್ಸ್’ ಎಂಬುದಕ್ಕೆ ಅಲ್ಲಿ ಅರ್ಧ ಪುಟದ ವಿವರಣೆ ಬಾಯಿಪಾಠ ಮಾಡಿಸಿದ್ದರು. ಅದರ ತಿರುಳು ಇಷ್ಟೇ: ತಪ್ಪಾದರೆ ಮುಚ್ಚಬೇಡಿ, ಬರೆಯಿರಿ, ಯಾಕಾಯಿತೆಂದು ನೋಡಿ, ಮತ್ತೆ ಆಗದಂತೆ ದಾರಿ ಮಾಡಿ. ಇದಕ್ಕೆ ಅರ್ಧ ಪುಟ ಬೇಕಾದವರು ವಾರ್ಡಿನಲ್ಲಿ ನಿಂತವರಲ್ಲ. ನಾನೂ ಇದನ್ನು ನಂಬಿ ಸೇರಿದವನಲ್ಲ. ಕೆಲಸ ಸಿಕ್ಕಿತು, ಸೇರಿದೆ.

ಮುಂದೆ ಬರುವವರಲ್ಲಿ ಇಬ್ಬರನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಒಬ್ಬರು ನಮ್ಮ ದೊಡ್ಡ ಡಾಕ್ಟರು. ಸರ್ಜನ್ನೂ ಅವರೇ, ಆಸ್ಪತ್ರೆಯ ಮುಖ್ಯಸ್ಥರೂ ಅವರೇ. ಕೈ ಬಹಳ ಚುರುಕು, ಮಾತು ಬಹಳ ಕಡಿಮೆ. ಯಾರು ಏನು ಹೇಳಲು ಬಂದರೂ ಅರ್ಧಕ್ಕೆ ‘ಸಾಕು’ ಎನ್ನುತ್ತಾರೆ. ಇನ್ನೊಬ್ಬರು ಹೆಂಗಸರ ವಾರ್ಡಿನ ಸಿಸ್ಟರ್. ಇಪ್ಪತ್ತು ವರ್ಷದಿಂದ ಅದೇ ವಾರ್ಡು. ಮೆಟ್ರನ್ ಜಾಗ ಖಾಲಿಯಾಗುವುದಿತ್ತು, ಅದು ಅವರಿಗೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

೧. ಪೂಜೆಯಾದ ಪುಸ್ತಕ

ನಾನು ಮಾಡಿದ ಮೊದಲ ಕೆಲಸ ಒಂದು ದಪ್ಪ ರಿಜಿಸ್ಟರ್ ತರಿಸಿದ್ದು. ಯಾರಿಂದ ಏನು ತಪ್ಪಾದರೂ, ಆಗುವುದರಲ್ಲಿದ್ದು ತಪ್ಪಿದರೂ, ಅವರೇ ಅದರಲ್ಲಿ ಬರೆಯಬೇಕು. ಬರೆದದ್ದಕ್ಕೆ ಶಿಕ್ಷೆ ಇಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಮಧ್ಯಾಹ್ನದೊಳಗೆ ಆಸ್ಪತ್ರೆ ಅದಕ್ಕೆ ‘ತಪ್ಪಿನ ಬುಕ್ಕು’ ಎಂದು ಹೆಸರಿಟ್ಟಿತು.

ಮರುದಿನ ನೋಡಿದರೆ ರಿಜಿಸ್ಟರಿಗೆ ಅರಿಷಿಣ ಕುಂಕುಮ ಏರಿಸಿ, ಮುಂದೆ ಕಾಯಿ ಒಡೆದಿದ್ದರು. ಮೊದಲ ಪುಟದಲ್ಲಿ ‘ಶ್ರೀ’ ಬರೆದಿತ್ತು. ಆಮೇಲೆ ನಾಲ್ಕು ತಿಂಗಳು ಅದರಲ್ಲಿ ಬೇರೆ ಏನೂ ಇರಲಿಲ್ಲ.

ದೊಡ್ಡ ಡಾಕ್ಟರು ಪುಟ ತಿರುವಿ ಸಂತೋಷಪಟ್ಟರು. ಖಾಲಿ ಬುಕ್ಕು ಅಂದರೆ ಛಲೋ ಆಸ್ಪತ್ರೆ ಎಂದು ಅವರ ಲೆಕ್ಕ. ಖಾಲಿ ಬುಕ್ಕು ಅಂದರೆ ಹೆದರಿದ ಆಸ್ಪತ್ರೆ ಎಂದು ನಾನು ಹೇಳಲು ಹೋದೆ. ಸಾಕು ಎಂದರು.

ಮೀಟಿಂಗ್ ಕರೆದು, ಒಂದಾದರೂ ಬರೆಯಿರಿ ಎಂದು ಬೇಡಿಕೊಂಡೆ. ಆ ವಾರ ಬುಕ್ಕು ತುಂಬತೊಡಗಿತು. ಲ್ಯಾಬಿನವರು ವಾರ್ಡಿನ ತಪ್ಪು ಬರೆದರು. ವಾರ್ಡಿನವರು ಫಾರ್ಮಸಿಯ ತಪ್ಪು ಬರೆದರು. ಫಾರ್ಮಸಿಯವರು ಕ್ಯಾಂಟೀನಿನ ಉಪ್ಪಿಟ್ಟಿಗೆ ಉಪ್ಪಿಲ್ಲ ಎಂದು ಬರೆದರು. ತನ್ನ ತಪ್ಪನ್ನು ಬರೆದವರು ಒಬ್ಬರೂ ಇಲ್ಲ. ಕೊನೆಯ ಸಾಲು ಯಾರದೋ ಗುಂಡನೆಯ ಅಕ್ಷರದಲ್ಲಿತ್ತು: “ಕ್ವಾಲಿಟಿ ಸರ್ ಊಟಕ್ಕ ಹೋದವ್ರು ಮೂರೂವರಿಗೆ ಬಂದಾರ.”

ವಿಚಾರಣೆ ಮಾಡಿದೆ. ಇಡೀ ಪುಟದಲ್ಲಿ ಪೂರಾ ನಿಜವಾಗಿದ್ದ ಸಾಲು ಅದೊಂದೇ.

೨. ದಿಕ್ಕು

ಹೆಂಗಸರ ವಾರ್ಡಿನಲ್ಲಿ ಎರಡು ಸಾಲು ಮಂಚ. ಒಂದು ಸಾಲಿನವರ ತಲೆ ಉತ್ತರದ ಗೋಡೆಗೆ ಬರುತ್ತದೆ. ಕಟ್ಟಡ ಕಟ್ಟಿಸಿದ ಎಂಜಿನಿಯರ್ ಆಮ್ಲಜನಕದ ಪೈಪು, ಬೆಲ್ಲು, ದೀಪ ಎಲ್ಲವನ್ನೂ ಆ ಗೋಡೆಗೇ ಕೂರಿಸಿದ್ದ. ಉತ್ತರಕ್ಕೆ ತಲೆ ಹಾಕಿ ಯಾರೂ ಮಲಗುವುದಿಲ್ಲ ಎಂಬುದು ಅವನ ನಕ್ಷೆಯಲ್ಲಿ ಇರಲಿಲ್ಲ.

ಹೀಗಾಗಿ ಆ ಸಾಲಿನವರೆಲ್ಲ ತಿರುಗಿ ಮಲಗುತ್ತಿದ್ದರು. ಬೆಲ್ಲು ಕಾಲಿನ ಹತ್ತಿರ. ತುರ್ತು ಬಂದರೆ ಹೆಬ್ಬೆರಳಿನಿಂದ ಒತ್ತಬೇಕು. ಇದು ಸುರಕ್ಷತೆಯ ವಿಷಯ ಎಂದು ನಾನು ಒಬ್ಬ ಮುದುಕಿಗೆ ತಿಳಿಸಿ ಹೇಳಿದೆ. ಅಮ್ಮ ಎಲ್ಲವನ್ನೂ ಕೇಳಿದಳು. ಆಮೇಲೆ, “ಮಂಚ ನಿಮ್ದ ಐತಿ ತಮ್ಮಾ, ದಿಕ್ಕು ನಿಮ್ದಲ್ಲ” ಎಂದು ಮಗ್ಗುಲಾದಳು.

ಬದಲಾಯಿಸಬೇಕಾದ್ದು ಜನರನ್ನಲ್ಲ, ಪೈಪನ್ನು ಎಂದು ನಾನು ವರದಿ ಬರೆದೆ. ದೊಡ್ಡ ಡಾಕ್ಟರು ಅದನ್ನು ಓದದೆ ಬದಿಗಿಟ್ಟು ರೌಂಡಿಗೆ ಹೊರಟರು. ಚಳಿಗಾಲ. ಆ ಸಾಲಿನವರೆಲ್ಲ ಮುಸುಕು ಹಾಕಿಕೊಂಡಿದ್ದರು. ಡಾಕ್ಟರು ಮೊದಲ ಮಂಚದ ಗೋಡೆಯ ಬದಿಗೆ ನಿಂತು, ಕೈಯಲ್ಲಿದ್ದ ಫೈಲು ಓದುತ್ತಲೇ, ನಾಲಿಗೆ ತೋರಿಸಲು ಹೇಳಿದರು. ಎರಡು ಸಲ ಹೇಳಿದರು. ಮುಸುಕಿನಿಂದ ಎರಡು ಪಾದ ಹೊರಗೆ ಬಂದವು.

ಮುಂದಿನ ವಾರ ಪೈಪು, ಬೆಲ್ಲು ಎಲ್ಲ ಅವರ ತಲೆಯ ಬದಿಗೆ ಬಂದವು.

೩. ಮೊದಲ ಸಹಿ

ದಿಕ್ಕು ಸರಿಯಾಯಿತು, ಅದಲು ಬದಲು ನಿಲ್ಲಲಿಲ್ಲ. ಒಂದೇ ಊರಿನವರು ಒಬ್ಬರ ಪಕ್ಕ ಒಬ್ಬರು ಇರಬೇಕು. ಆನೆಗೊಂದಿಯವಳಿಗೆ ಎಂಟನೇ ಮಂಚ ಕೊಟ್ಟಿರುತ್ತೇವೆ. ಅವಳ ಬೀಗಿತ್ತಿ ಆರರಲ್ಲಿರುತ್ತಾಳೆ. ನಾವು ಆಚೆ ಹೋಗುತ್ತಲೂ ಏಳನೆಯವಳು ಸಂತೋಷದಿಂದ ಎಂಟಕ್ಕೆ ಎದ್ದು ಹೋಗಿರುತ್ತಾಳೆ. ಜಾಗ ಬಿಟ್ಟುಕೊಡುವುದರಲ್ಲಿ ನಮ್ಮ ಜನಕ್ಕೆ ಸಮನಿಲ್ಲ.

ಒಂದು ಬೆಳಿಗ್ಗೆ ಸಿಸ್ಟರ್ ಮಂಚದ ನಂಬರು ನೋಡಿ ಏಳನೆಯವಳ ಇಂಜೆಕ್ಷನ್ ಕೊಟ್ಟರು. ಅಲ್ಲಿ ಮಲಗಿದ್ದವಳು ಎಂಟನೆಯವಳು. ಅದು ಗ್ಯಾಸ್ಟ್ರಿಕ್ಕಿಗೆ ಕೊಡುವ ಇಂಜೆಕ್ಷನ್, ಏನೂ ಆಗಲಿಲ್ಲ. ರೋಗಿಗೂ ಗೊತ್ತಾಗಲಿಲ್ಲ. ಸಿಸ್ಟರ್ ತಾವೇ ಅವಳಿಗೆ ಹೇಳಿದರು, ಅವಳು “ಹೋಗ್ಲಿ ಬಿಡ್ರಿ ಅಕ್ಕಾರ, ಹೊಟ್ಟಿ ತಣ್ಣಗಾತು” ಎಂದಳು. ಆಮೇಲೆ ಸಿಸ್ಟರ್ ತಪ್ಪಿನ ಬುಕ್ಕು ತೆಗೆದು, ಆದದ್ದನ್ನೆಲ್ಲ ಬರೆದು, ಕೆಳಗೆ ಸಹಿ ಹಾಕಿದರು. ಆ ಬುಕ್ಕಿನ ಮೊದಲ ಸಹಿ.

ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು. ಮೂರು ತಿಂಗಳಲ್ಲಿ ಬೆಂಗಳೂರಿನಿಂದ ಗುಣಮಟ್ಟದ ಪ್ರಮಾಣಪತ್ರಕ್ಕೆ ತಪಾಸಣೆಗೆ ಬರುವವರಿದ್ದರು. ಆ ಪುಟ ಹರಿಯಬೇಕು ಎಂದರು. ತಪ್ಪು ಬರೆಯಲಿಕ್ಕೇ ಬುಕ್ಕು ಇಟ್ಟಿದ್ದು ಎಂದೆ.

“ತಪ್ಪ ಬರೀರಿ ಅಂತ ಬುಕ್ ಇಟ್ರ, ತಪ್ಪ ಬರದ ಬಿಡೂದೇನ್ರಿ?” ಎಂದರು.

ಪುಟ ಉಳಿಯಿತು. ಆದರೆ ಸಿಸ್ಟರಿಗೆ ಮೆಮೊ ಕೊಡುವುದೆಂದು ತೀರ್ಮಾನವಾಯಿತು. ಮೆಮೊ ಇದ್ದವರು ಮೆಟ್ರನ್ ಆಗುವುದಿಲ್ಲ. ಅದಕ್ಕಿಂತ ನನಗೆ ಕಾಣುತ್ತಿದ್ದದ್ದು ಇನ್ನೊಂದು: ನಿಜ ಬರೆದ ಒಬ್ಬರಿಗೆ ಮೆಮೊ ಸಿಕ್ಕಿತೆಂದರೆ ಆ ಬುಕ್ಕಿಗೆ ಮತ್ತೆ ಪೂಜೆ ಮಾತ್ರ. ಇದನ್ನು ಹೇಳಿದೆ. ಡಾಕ್ಟರು ಸ್ವಲ್ಪ ಇಳಿದು, ತಪಾಸಣೆ ಮುಗಿಯುವ ತನಕ ತಡೆಹಿಡಿಯಲು ಒಪ್ಪಿದರು. ಮೆಮೊ ಟೈಪಾಗಿ ಬಂತು, ಸಹಿ ಬಿತ್ತು, ಡ್ರಾಯರಿಗೆ ಹೋಗುವ ಮೊದಲು ನಾನೊಮ್ಮೆ ಓದಿದೆ. ಅದು ಗಂಡಸರ ವಾರ್ಡಿನ ಸಿಸ್ಟರ್ ಹೆಸರಿನಲ್ಲಿತ್ತು.

ರೋಗಿಯ ಗುರುತು ತಪ್ಪಿದ್ದಕ್ಕೆ ಕೊಡುವ ಮೆಮೊ.

೪. ಒಡಪು

ಇನ್ನು ಮಂಚದ ನಂಬರನ್ನು ನಂಬುವುದಿಲ್ಲ ಎಂದಾಯಿತು. ಪ್ರತಿ ರೋಗಿಯ ಕೈಗೆ ಹೆಸರಿನ ಪಟ್ಟಿ. ಔಷಧ ಕೊಡುವ ಮೊದಲು ಹೆಸರು ಕೇಳಬೇಕು, ಪಟ್ಟಿ ನೋಡಬೇಕು. ಎರಡು ಕಡೆ ತಾಳೆಯಾಗದೆ ಯಾರನ್ನೂ ಒಪ್ಪಬಾರದು.

ಪುಸ್ತಕದಲ್ಲಿ ಇದು ಸುಲಭ. ನಮ್ಮ ಜಿಲ್ಲೆಯಲ್ಲಿ ಹೆಂಗಸರ ವಾರ್ಡಿನ ಬಾಗಿಲಲ್ಲಿ ನಿಂತು “ಹುಲಿಗೆಮ್ಮಾ” ಎಂದು ಕರೆದರೆ ಐದು ಜನ ಏಳುತ್ತಾರೆ. ಹುಲಿಗಿಯ ದೇವಿಯ ಹೆಸರು, ಮನೆಗೊಬ್ಬಳಿಗೆ ಇಟ್ಟೇ ಇಡುತ್ತಾರೆ. ಸರಿ, ಪಟ್ಟಿಯಲ್ಲಿ ಗಂಡನ ಹೆಸರನ್ನೂ ಬರೆದು, ಅದನ್ನೂ ಕೇಳಿ ಎಂದೆ. ಸಿಸ್ಟರ್ ನನ್ನನ್ನು ಕನಿಕರದಿಂದ ನೋಡಿದರು. ಗಂಡನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೆಲ ನೋಡುತ್ತಾರೆ, ಸೆರಗು ಹಿಡಿದುಕೊಳ್ಳುತ್ತಾರೆ, ಪಕ್ಕದವಳ ಕಡೆ ಕೈ ಮಾಡಿ ‘ಆಕೀನ ಕೇಳ್ರಿ’ ಎನ್ನುತ್ತಾರೆ.

ದಾರಿ ಹುಡುಕಿದ್ದು ಸಿಸ್ಟರ್. ಗಂಡನ ಹೆಸರು ಹೇಳಲು ನಮ್ಮ ಕಡೆ ಒಂದೇ ಮರ್ಯಾದೆಯ ದಾರಿ ಇದೆ, ಒಡಪು. ಪ್ರಾಸ ಹಾಕಿ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುವುದು. ಮದುವೆ, ಸೀಮಂತದಲ್ಲಿ ಹೇಳಿಸುತ್ತಾರೆ. ಇಲ್ಲಿ ಗುಳಿಗೆ ಕೊಡುವ ಮೊದಲು ಹೇಳಿಸತೊಡಗಿದರು. ಹೇಳಿದ ಒಡಪನ್ನು ಫೈಲಿನ ಬೆನ್ನಿಗೆ ಬರೆದುಕೊಳ್ಳುತ್ತಿದ್ದರು. ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲ ಎಂದು ನಾನು ಆಕ್ಷೇಪಿಸಿದೆ. ಅದಕ್ಕೇ ಹಿಂದೆ ಬರೆಯುತ್ತಿದ್ದೇನೆ ಎಂದರು.

ಅರ್ಧ ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ಹಿಡಿಯಿತು. ಇಡೀ ವಾರ್ಡು ಎದ್ದು ಕೂತು ಕೇಳುತ್ತಿತ್ತು. ಒಬ್ಬಳದು ಚೆನ್ನಾಗಿದ್ದರೆ ಮುಂದಿನವಳು ತನ್ನದನ್ನು ತಿದ್ದಿಕೊಳ್ಳಲು ಕಾಲಾವಕಾಶ ಕೇಳುತ್ತಿದ್ದಳು. ಒಂದು ದಿನ ಕುಷ್ಟಗಿ ಕಡೆಯ ಮುದುಕಿಯೊಬ್ಬಳು ತುಳಸಿಕಟ್ಟೆಯಿಂದ ಹಿಡಿದು ಹಂದರದ ಹೀರೆಬಳ್ಳಿಯವರೆಗೆ ದೊಡ್ಡ ಒಡಪು ಹೇಳಿ ಕೊನೆಗೆ ಗಂಡನ ಹೆಸರಿಗೆ ಬಂದು ನಿಂತಳು. ಬಾಗಿಲ ಹೊರಗೆ ಬುತ್ತಿ ಹಿಡಿದು ನಿಂತಿದ್ದ ಮುದುಕ ಒಳಗೆ ತಲೆ ಹಾಕಿದ.

“ಅಕ್ಕಾರ, ಲಗ್ನ ಆದಾಗ ಒಮ್ಮಿ ಕೇಳಿದ್ದೆ. ಔಷಧ ಆಮ್ಯಾಲ ಕೊಡಾಕಂತ್ರಿ, ಇನ್ನೊಮ್ಮಿ ಕೇಳ್ರಿ.”

೫. ಗೋಡೆಗೆ ಮುಖ

ಆಪರೇಷನ್ನಿಗೆ ಮೊದಲು, ಅರಿವಳಿಕೆ ಕೊಡುವ ಮುನ್ನ, ಎಲ್ಲರೂ ಒಂದು ನಿಮಿಷ ನಿಲ್ಲಬೇಕು. ರೋಗಿ ಯಾರು, ಯಾವ ಆಪರೇಷನ್ನು ಎಂದು ಗಟ್ಟಿಯಾಗಿ ಹೇಳಬೇಕು. ಇದೂ ನಾನು ತಂದ ನಿಯಮ. ದೊಡ್ಡ ಡಾಕ್ಟರಿಗೆ ಆ ಒಂದು ನಿಮಿಷ ಹಲ್ಲುನೋವಿನ ಹಾಗಿತ್ತು.

ಒಂದು ದಿನ ಆಪರೇಷನ್ ಆಗಬೇಕಾದವರಲ್ಲಿ ಇಬ್ಬರು ಹುಲಿಗೆಮ್ಮರಿದ್ದರು. ಒಬ್ಬಳು ಆನೆಗೊಂದಿ ಕಡೆಯವಳು, ಪಿತ್ತಕೋಶದಲ್ಲಿ ಕಲ್ಲು, ಪಿತ್ತಕೋಶವನ್ನೇ ತೆಗೆಯಬೇಕು. ಇನ್ನೊಬ್ಬಳು ಯಲಬುರ್ಗಾ ಕಡೆಯವಳು, ಅಪೆಂಡಿಕ್ಸ್. ಇಬ್ಬರ ಗಂಡಂದಿರ ಹೆಸರೂ ಹನಮಂತಪ್ಪ. ವಯಸ್ಸೂ ಹೆಚ್ಚುಕಡಿಮೆ ಒಂದೇ. ಹಿಂದಿನ ಮಧ್ಯಾಹ್ನ ಸೇರಿದವರು ಸಂಜೆಯೊಳಗೆ ಅಕ್ಕತಂಗಿಯರಾಗಿದ್ದರು.

ಬೆಳಿಗ್ಗೆ ಆಯಾ ಬಂದು, ಮೈಮೇಲಿನದೆಲ್ಲ ತೆಗೆದಿಟ್ಟು ಜಳಕ ಮಾಡಿ ಬರ್ರಿ ಎಂದಳು. ಅವರು ಎಲ್ಲವನ್ನೂ ತೆಗೆದರು. ತಾಳಿ, ಮೂಗುತಿ, ಬಳೆ, ಜೊತೆಗೆ ಕೈಪಟ್ಟಿ. ಬಳೆಗೆ ತಾಗುತ್ತದೆಂದು ಪಟ್ಟಿಯನ್ನು ಸಡಿಲಾಗಿ ಹಾಕಿದ್ದೆವು, ಜಾರಿಸಿದರೆ ಬರುತ್ತಿತ್ತು. ಇಬ್ಬರದೂ ಒಂದೇ ಗಂಟಿನಲ್ಲಿ ಕಟ್ಟಿಟ್ಟರು. ಜಳಕವಾದ ಮೇಲೆ ಒಡವೆ ಬಿಟ್ಟು, ಆಸ್ಪತ್ರೆಯದು ಎಂದು ಪಟ್ಟಿಯನ್ನು ಮಾತ್ರ ಕೈಗೆ ಬಂದದ್ದನ್ನು ಹಾಕಿಕೊಂಡರು. ಇಬ್ಬರಿಗೂ ಓದು ಬಾರದು.

ಪಟ್ಟಿ ನೋಡಿ ಫೈಲು ಕೊಟ್ಟರು, ಫೈಲು ನೋಡಿ ಒಳಗೆ ಕರೆದೊಯ್ದರು. ಪಿತ್ತಕೋಶದ ಫೈಲಿನೊಂದಿಗೆ ಅಪೆಂಡಿಕ್ಸ್ ಹುಲಿಗೆಮ್ಮ ಟೇಬಲ್ ಮೇಲೆ. ಆಗ ಇದು ನಮಗೆ ಯಾರಿಗೂ ಗೊತ್ತಿಲ್ಲ. ಹಸಿರು ಟೋಪಿ, ಹಸಿರು ಗೌನು, ಮೂಗುತಿ ಇಲ್ಲದ ಮುಖ. ಆ ವೇಷದಲ್ಲಿ ಎಲ್ಲರೂ ಒಂದೇ. ನಾನು ಮೂಲೆಯಲ್ಲಿ ಟಿಕ್ ಹಾಕುವ ಹಾಳೆ ಹಿಡಿದು ನಿಂತಿದ್ದೆ.

ವಾರ್ಡಿನಿಂದ ರೋಗಿಯ ಜೊತೆ ಬಂದಿದ್ದ ಸಿಸ್ಟರ್ ಹೆಸರು ಕೇಳಿದರು. ಹುಲಿಗೆಮ್ಮ. ಎಲ್ಲಿಯ ಆಪರೇಷನ್ನು? ಹೊಟ್ಟಿದು. ಗಂಡನ ಹೆಸರಿಗೆ ಅವಳು ಕೈ ಮುಂದೆ ಮಾಡಿದಳು. ದೊಡ್ಡ ಡಾಕ್ಟರು, ತೊಳೆದ ಕೈ ಮೇಲೆತ್ತಿ ನಿಂತವರು, ಬಗ್ಗಿ ಪಟ್ಟಿ ಓದಿ ಹನಮಂತಪ್ಪ ಹೌದಿಲ್ಲೋ ಎಂದರು. ಅವಳು ತಲೆಯಾಡಿಸಿದಳು.

“ಸಾಕು,” ಎಂದರು ಡಾಕ್ಟರು.

ಅರಿವಳಿಕೆಯವರು ಸಿರಿಂಜ್ ಎತ್ತಿದರು. ನಾನು ಟಿಕ್ ಹಾಕಿದೆ. ಇದನ್ನು ಮುಚ್ಚಿಡುವುದಿಲ್ಲ, ಹಾಕಿದೆ.

ಸಿಸ್ಟರ್ ಸಿರಿಂಜಿಗೂ ರೋಗಿಗೂ ನಡುವೆ ಕೈ ಇಟ್ಟರು. “ತಡೀರಿ. ಕಣ್ಣ ನಂಬಿ ಒಮ್ಮಿ ತಪ್ಪೀನಿ. ಒಡಪು ಹೇಳ್ ಬೇ.”

ಅಷ್ಟು ಗಂಡಸರ ಎದುರು ಅವಳು ಹೇಗೆ ಹೇಳಬೇಕು? ಸಿಸ್ಟರ್ ಎಲ್ಲರಿಗೂ ಗೋಡೆಯ ಕಡೆ ತಿರುಗಲು ಹೇಳಿದರು. ಡ್ರಾಯರಿನಲ್ಲಿ ತಮ್ಮ ಮೆಮೊ ಇಟ್ಟುಕೊಂಡಿರುವ ಮನುಷ್ಯನಿಗೂ ಹೇಳಿದರು. ದೊಡ್ಡ ಡಾಕ್ಟರು ಎರಡೂ ಕೈ ಮೇಲೆತ್ತಿಕೊಂಡು, ಪೊಲೀಸರ ಕೈಗೆ ಸಿಕ್ಕವರ ಹಾಗೆ, ಗೋಡೆಗೆ ಮುಖ ಮಾಡಿ ನಿಂತರು. ಹಿಂದಿನಿಂದ ಸಣ್ಣ ದನಿ ಬಂತು:

“ಎರಿ ಹೊಲದಾಗ ಬಿಳಿಜ್ವಾಳದ ತೆನಿ,
ಹನಮಂತಪ್ಪ ಇದ್ರ ತುಂಬೈತಿ ನನ್ನ ಮನಿ.”

ಸಿಸ್ಟರ್ ಫೈಲು ತಿರುವಿದರು. ಬೆನ್ನಿಗೆ ಅವರದೇ ಅಕ್ಷರದಲ್ಲಿ ಬೇರೆ ಇತ್ತು:

“ತುಂಗಭದ್ರಿ ದಂಡಿಗಿ ಬಾಳಿಯ ಬನ,
ಹನಮಂತಪ್ಪನ ಮ್ಯಾಲ ಐತ್ರಿ ನನ್ನ ಮನ.”

“ಈಕಿ ಜ್ವಾಳದಾಕಿ,” ಎಂದರು ಸಿಸ್ಟರ್. “ಫೈಲು ಬಾಳಿಯಾಕೀದು.”

ಸಿರಿಂಜ್ ಕೆಳಗಿಳಿಯಿತು. ಗೋಡೆಗೆ ನಿಂತವರು ಸ್ವಲ್ಪ ಹೊತ್ತು ತಿರುಗಲೇ ಇಲ್ಲ. ಚೆನ್ನಾಗಿದ್ದ ಪಿತ್ತಕೋಶವೊಂದು ಆ ದಿನ ಬಕೆಟ್ಟಿಗೆ ಬೀಳುವುದಿತ್ತು. ಬೀಳಲಿಲ್ಲ.

ಸಂಜೆ ಎರಡೂ ಆಪರೇಷನ್ನು ಸರಿಯಾದವರಿಗೆ ಸರಿಯಾಗಿ ಮುಗಿದ ಮೇಲೆ ಡಾಕ್ಟರು ಡ್ರಾಯರ್ ತೆಗೆದು ಮೆಮೊ ಹರಿದರು. ತಪ್ಪಿನ ಬುಕ್ಕು ಕೇಳಿ ತರಿಸಿಕೊಂಡು, ನಿಂತುಕೊಂಡೇ ಬರೆದರು: “ನಾನು ಸಾಕು ಅಂದೆ. ಸಿಸ್ಟರ್ ಸಾಕು ಅನ್ನಲಿಲ್ಲ.” ಕೆಳಗೆ ಸಹಿ. ಅದರ ಕೆಳಗೆ ನಾನು ನನ್ನ ಟಿಕ್ಕಿನ ವಿಷಯ ಬರೆದೆ. ಬಳೆ ಇದ್ದರೂ ಪಟ್ಟಿ ಬಿಗಿಯಾಗಿ ಹಾಕುವುದು, ಫಾರ್ಮಿನಲ್ಲಿ ಒಡಪಿಗೆ ಜಾಗ ಮಾಡುವುದು ಎಂದು ಅಲ್ಲೇ ತೀರ್ಮಾನವಾಯಿತು.

ನಾನು ಸುಲಭಕ್ಕೆ ಹೆಮ್ಮೆಪಡುವವನಲ್ಲ. ಆ ಪುಟವನ್ನು ಮಾತ್ರ ಫೋಟೊ ತೆಗೆದು ಇಟ್ಟುಕೊಂಡಿದ್ದೇನೆ. ಆಯಾ ಕೂಡ ಅದೇ ವಾರ ಬುಕ್ಕಿನಲ್ಲಿ ತನ್ನ ತಪ್ಪು ಬರೆಸಿದಳು. ಬರೆಸುವಾಗ ಉಪ್ಪಿಟ್ಟಿನ ವಿಷಯವನ್ನೂ ಮತ್ತೊಮ್ಮೆ ಸೇರಿಸಿದಳು.

೬. ತಪಾಸಣೆ

ಬೆಂಗಳೂರಿನಿಂದ ಒಬ್ಬ ಮೇಡಂ ತಪಾಸಣೆಗೆ ಬಂದರು. ಮೊದಲು ಕೇಳಿದ್ದೇ ತಪ್ಪುಗಳ ರಿಜಿಸ್ಟರ್. ಹಿಂದೆ ಅದರ ಪುಟ ಹರಿಯಲು ಹೊರಟಿದ್ದ ದೊಡ್ಡ ಡಾಕ್ಟರು ಅದನ್ನು ಮದುವೆ ಆಲ್ಬಮ್ಮಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದರು. “ನಮ್ಮಲ್ಲಿ ಭಾಳ ತಪ್ಪ ಆಗ್ತಾವ್ರಿ,” ಎಂದರು ಎದೆಯುಬ್ಬಿಸಿ. ಆ ಮೇಡಂ ಎಲ್ಲಾ ಓದಿದರು, ಡಾಕ್ಟರ ಸಹಿಯ ಪುಟವನ್ನು ಎರಡು ಸಲ ಓದಿದರು.

ಆಮೇಲೆ ಫಾರ್ಮಿನಲ್ಲಿ ‘ಒಡಪು’ ಎಂಬ ಕಾಲಂ ಏನೆಂದು ಕೇಳಿದರು. ಯಾವ ಮಾನದಂಡದಲ್ಲೂ ಅದು ಇಲ್ಲ. ಬಾಯಲ್ಲಿ ಹೇಳುವ ಬದಲು ವಾರ್ಡಿನಲ್ಲೇ ತೋರಿಸೋಣ ಎಂದು ಕರೆದುಕೊಂಡು ಹೋದೆವು. ಅಂದು ಇಬ್ಬರು ಹುಲಿಗೆಮ್ಮರೂ ಗಾಯ ತೋರಿಸಲು ಬಂದು ಒಂದೇ ಬೆಂಚಿನಲ್ಲಿ ಕೂತಿದ್ದರು. ಇಬ್ಬರೂ ಹೇಳಿದರು. ಮೇಡಂ ನಕ್ಕು ಬರೆದುಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು.

ಜೋಳದ ಹುಲಿಗೆಮ್ಮ ದೊಡ್ಡ ಡಾಕ್ಟರ ಕಡೆ ನೋಡಿ, ನಮ್ಮನ್ನು ಎಲ್ಲರೂ ಕೇಳ್ತೀರಿ, ನೀವು ಯಾರೆಂದು ನಾವು ಕೇಳಬಾರದೇನು ಎಂದಳು. ಮದುವೆಯಲ್ಲಿ ಗಂಡಸರೂ ಹೆಂಡತಿಯ ಹೆಸರಿಗೆ ಒಡಪು ಹೇಳುತ್ತಾರೆ, ಸಾಹೇಬರೂ ಹೇಳಲಿ ಎಂದು ಬಾಳೆಯ ಹುಲಿಗೆಮ್ಮ ಸೇರಿಸಿದಳು. ಮಂಚದ ಮೇಲಿದ್ದವರೆಲ್ಲ ಎದ್ದು ಕೂತರು.

“ಸಾಕು, ಸಾಕು,” ಎಂದರು ಡಾಕ್ಟರು.

“ಸಾಕು ಅಂದ್ರ ಬುಕ್ಕಿನ್ಯಾಗ ಬರೀಬೇಕಾಗ್ತೈತ್ರಿ,” ಎಂದರು ಸಿಸ್ಟರ್. ಆ ಹೊತ್ತಿಗೆ ಅವರು ಮೆಟ್ರನ್ ಆಗಿ ಒಂದು ವಾರವಾಗಿತ್ತು.

ಡಾಕ್ಟರು ಮೇಡಂ ಕಡೆ ನೋಡಿದರು. ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಡಾಕ್ಟರು ತಾವಾಗಿಯೇ ಗೋಡೆಗೆ ಮುಖ ಮಾಡಿದರು. ಅಭ್ಯಾಸಬಲದಿಂದ ಕೈ ಎರಡೂ ಮೇಲೆ ಹೋದವು.

“ಕತ್ತರಿ ಹಿಡದ್ರ ನನ್ನ ಕೈ ನಡಗಂಗಿಲ್ಲ,
ಶಾರದಾನ ಮುಂದ ನನ್ನ ಮಾತ ನಡಿಯಂಗಿಲ್ಲ.”

ವಾರ್ಡು ಬಿದ್ದು ಬಿದ್ದು ನಕ್ಕಿತು. ಹೊಲಿಗೆ ಹಾಕಿಸಿಕೊಂಡವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇದ್ದದ್ದು ಸಿಸ್ಟರ್ ಒಬ್ಬರೇ. ಎರಡು ಕಡೆ ತಾಳೆಯಾಗದೆ ಯಾರನ್ನೂ ಒಪ್ಪಬಾರದು ಎಂಬುದು ಈ ಆಸ್ಪತ್ರೆಯ ನಿಯಮ ಎಂದು ಮೇಡಂಗೆ ವಿವರಿಸಿ, ಡಾಕ್ಟರ ಮನೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದರು. ಹೀಗೊಬ್ಬರು ಇಲ್ಲಿದ್ದಾರೆ, ನಿಮ್ಮವರು ಹೌದೋ ಅಲ್ಲವೋ ಗುರುತು ಹೇಳಬೇಕು, ಒಡಪು ಇದ್ದರೆ ಒಡಪು ಹೇಳಿರಿ ಎಂದರು.

ಆ ಕಡೆ ಒಗ್ಗರಣೆ ಚಟಪಟ ಎನ್ನುತ್ತಿತ್ತು.

“ಒಡಪು ಯಾಕ್ರಿ,” ಎಂದರು ಡಾಕ್ಟರ ಮನೆಯವರು. “ಊಟದ ತಾಟಿನ ಮುಂದ ಕೂತಾಗಷ್ಟ ಬಿಟ್ಟು, ಉಳದದ್ದಕ್ಕೆಲ್ಲಾ ಸಾಕು ಅಂತಾರೇನು ನೋಡ್ರಿ. ಅಂದ್ರ, ನಮ್ಮವ್ರ.”

ಸಿಸ್ಟರ್ ಟಿಕ್ ಹಾಕಿದರು.